ಸೀರೆ ಹಿಡಿದುಕೊಂಡು ಲ್ಯಾಪ್‌ಟಾಪ್ ಕೊಳ್ಳಲು ಹೋದದ್ದು

ದಾವಣಗೆರೆಯ ಗಿರಾಕಿ ಎರಡನೇ ಸೀರೆಯನ್ನೂ ವಾಪಸ್ ಕಳಿಸಿದ ದಿನ ಪೆದ್ದಮ್ಮ ನಮ್ಮ ಸ್ಟುಡಿಯೊದ ಒಳಗೆ ಬರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ನಿಂತು, ಬಿಚ್ಚಿದ ಪಾರ್ಸೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ಮಾತಾಡಿದರು.

"ನೀನು ನಮ್ಮನೇಲಿ ಫೋಟೊ ತೆಗಿತೀಯ. ಆಮೇಲೆ ಇಲ್ಲಿ ಬಂದು ಕತ್ಲೆ ರೂಮ್ನಾಗೆ ಕುಂತು ಏನೋ ಮಾಡ್ತೀಯ. ನನ್ನ ಸೀರೆಗೆ ಇಲ್ಲದ ಬಣ್ಣ ನಿನ್ನ ಕಂಪ್ಯೂಟರಿಗೆ ಎಲ್ಲಿಂದ ಬರ್ತೈತವ್ವ?"

ಪೆದ್ದಮ್ಮ ನನಗೆ ನೆಂಟರಲ್ಲ. ಮೊಳಕಾಲ್ಮೂರಿನ ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹಿರಿಯ ಹೆಂಗಸು. ಮನೆಯಲ್ಲಿ ಆಡುವುದು ತೆಲುಗು, ಬೀದಿಗೆ ಬಂದರೆ ಕನ್ನಡ. ಓಣಿಯವರೆಲ್ಲ ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಅನ್ನುವುದರಿಂದ ನನಗೂ ಅವರು ಪೆದ್ದಮ್ಮ. ನಾನು ಮತ್ತು ನನ್ನ ಗಂಡ ಸೇರಿ ನಡೆಸುವ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್, ಆನ್‌ಲೈನ್ ಅರ್ಜಿ, ಇವೇ ದಿನದ ಕೆಲಸ. ಮೂರು ವರ್ಷಗಳಿಂದ ನಾನು ಓಣಿಯ ಕೆಲವು ಮಗ್ಗದ ಮನೆಗಳಿಗೆ ಹೋಗಿ ಸೀರೆಗಳ ಫೋಟೊ ತೆಗೆದು, ಸರಿಪಡಿಸಿ, ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸುವ ಕೆಲಸವನ್ನೂ ಹಚ್ಚಿಕೊಂಡಿದ್ದೆ. ನೇಕಾರರಿಗೆ ನೇರ ಗಿರಾಕಿ ಸಿಗುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು, ಈ ನೇರಳೆ ಸೀರೆಗಳು ಬರುವ ತನಕ.

ಗಿರಾಕಿ ಎರಡು ಸಲವೂ ಒಂದೇ ದೂರು ಬರೆದಿದ್ದರು: ಫೋಟೊದಲ್ಲಿ ಒಂದು ಬಣ್ಣ, ಬಂದದ್ದು ಇನ್ನೊಂದು. ಪೆದ್ದಮ್ಮನಿಗೆ ನನ್ನ ಮೇಲೆ ಅನುಮಾನ. ನನಗೆ ಪೆದ್ದಮ್ಮನ ಮೇಲೆ ಅನುಮಾನ. ಮೊದಲನೆಯ ಸೀರೆ ನಾನು ಫೋಟೊ ತೆಗೆದದ್ದೇ ಹೌದು, ಅದರ ಸೆರಗಿನ ಮೂಲೆಯಲ್ಲಿದ್ದ ಒಂದು ಸಣ್ಣ ಗಂಟು ನನಗೆ ನೆನಪಿತ್ತು. ಆದರೆ ಅದರ ಬದಲಿಗೆಂದು ನಾನು ಫೋಟೊ ತೆಗೆದುಕೊಟ್ಟ ಎರಡನೆಯದೇ ಗಿರಾಕಿಗೆ ಹೋಗಿತ್ತೇ? ವಾಪಸ್ ಬಂದದ್ದನ್ನು ಮೆಟ್ಟಿಲ ಮೇಲೆ ಅವರ ಕೈಯಲ್ಲಿ ನೋಡಿದಾಗ ಅಂಚಿನ ಜರಿ ಫೋಟೊದಲ್ಲಿದ್ದದ್ದಕ್ಕಿಂತ ಸ್ವಲ್ಪ ಅಗಲವಾಗಿ ಕಂಡಿತು. ಮುಟ್ಟಿ ನೋಡೋಣ ಎಂದು ಕೈ ಚಾಚಿದೆ. ಅವರು ಪಾರ್ಸೆಲ್ ಮಡಿಚಿಕೊಂಡು ಹೊರಟೇಬಿಟ್ಟರು.

ಆ ರಾತ್ರಿ ಊಟ ಮಾಡುವಾಗ ಗಂಡನಿಗೆ ಹೇಳಿದೆ, ನನಗೊಂದು ಲ್ಯಾಪ್‌ಟಾಪ್ ಬೇಕು, ಮಗ್ಗದ ಮುಂದೆಯೇ ಕೂತು, ಅವರ ಕಣ್ಣೆದುರಿಗೇ ಬಣ್ಣ ಸರಿ ಮಾಡಿ ತೋರಿಸುತ್ತೇನೆ ಅಂತ. ಸ್ಟುಡಿಯೊದ ಹಳೆಯ ಕಂಪ್ಯೂಟರು ಎತ್ತಿಕೊಂಡು ಹೋಗುವ ವಸ್ತುವಲ್ಲ. ಸ್ಕೂಟರಿನಲ್ಲಿ ಭುಜಕ್ಕೆ ಹಾಕಿಕೊಂಡು ಓಡಾಡುವಷ್ಟು ಹಗುರ ಇರಬೇಕು, ಕರೆಂಟು ಹೋದರೂ ನಾಲ್ಕಾರು ಗಂಟೆ ನಡೆಯಬೇಕು, ಉಳಿದ ಹೊತ್ತು ಅರ್ಜಿ ತುಂಬಲಿಕ್ಕೂ ಮಗಳ ಓದಿಗೂ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪರದೆ ಸುಳ್ಳು ಹೇಳಬಾರದು.

ಗಂಡ ಮೊಬೈಲ್ ತೆಗೆದು ಆನ್‌ಲೈನಿನಲ್ಲಿ ಹತ್ತು ಹನ್ನೆರಡು ತೋರಿಸಿದ. ಎಲ್ಲದರ ಕೆಳಗೂ ಹೊಗಳಿಕೆ. ಓದುತ್ತ ಹೋದಂತೆ ಒಬ್ಬನೇ ಬೇರೆ ಬೇರೆ ಹೆಸರಿನಲ್ಲಿ ಬರೆದಂತೆ ಕಂಡಿತು. ಅದೂ ಅಲ್ಲದೆ, ಒಂದು ಪರದೆ ಹೇಗಿದೆ ಎನ್ನುವುದನ್ನು ಇನ್ನೊಂದು ಪರದೆಯಲ್ಲಿ ನೋಡಿ ತಿಳಿಯುವುದು ಹೇಗೆ? ನಾನು ಚಳ್ಳಕೆರೆಗೆ ಹೋಗಿ ಕಣ್ಣಾರೆ ನೋಡಿಯೇ ತರುತ್ತೇನೆ ಎಂದೆ. ಹೋಲಿಸಿ ನೋಡುವುದಕ್ಕೆ ಆ ನೇರಳೆ ಸೀರೆಯೂ ಜೊತೆಯಲ್ಲಿರಬೇಕು ಎಂದು ಹೊಳೆದದ್ದು ಮಾರನೆಯ ದಿನ ಬೆಳಗ್ಗೆ.

ಪೆದ್ದಮ್ಮನ ಮನೆಗೆ ಹೋಗಿ ಸೀರೆ ಕೇಳಿದೆ. ಅವರು ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯಿಂದ ತಲೆ ಎತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. ಕಂಪ್ಯೂಟರ್ ತಗೊಳ್ಳಾಕೆ ಸೀರೆ ಯಾಕೆ ಎಂದು ಕೇಳಿದರು. ಹೇಳಿದೆ. ನಂಬಲಿಲ್ಲ. ಕೊನೆಗೆ, "ಸೀರೆ ನನ್ನ ಕೈ ಬಿಟ್ಟು ಹೋಗಾದಿಲ್ಲ. ನಾನೂ ಬರ್ತೀನಿ" ಎಂದರು.

ಹೀಗೆ ಒಬ್ಬರನ್ನೊಬ್ಬರು ನಂಬದ ಇಬ್ಬರು ಹೆಂಗಸರು ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಚಳ್ಳಕೆರೆಗೆ ಹೊರಟೆವು. ಅವರ ಮಡಿಲಲ್ಲಿ ಬಟ್ಟೆಯ ಚೀಲ, ಅದರಲ್ಲಿ ಮೊದಲನೆಯ ಸೀರೆ ಒಂದೇ. ಎರಡನೆಯದನ್ನೂ ತರಬಹುದಿತ್ತಲ್ಲ ಎಂದೆ. ಒಂದು ಸಾಲದಾ ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಬಸ್ಸು ಹಾನಗಲ್ ಕ್ರಾಸ್ ದಾಟಿ ಹೆದ್ದಾರಿಗೆ ಬಿತ್ತು. ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ತಳಕಿನಲ್ಲಿ ಬಸ್ಸು ನಿಂತಾಗ ಅವರು ಚೀಲದೊಳಗೆ ಕೈ ಹಾಕಿ ಸೀರೆ ಇದೆಯೇ ಎಂದು ಮುಟ್ಟಿ ನೋಡಿಕೊಂಡರು.

ಅಂಗಡಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಮಾಲೀಕರಿಗೆ ಐವತ್ತರ ಮೇಲೆ ವಯಸ್ಸು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರು, ಈಗ ಲ್ಯಾಪ್‌ಟಾಪ್ ಮಾರುತ್ತಾರೆ. ಯಾವುದಕ್ಕೆ ಬೇಕು ಎಂದು ಕೇಳಿದರು. ಫೋಟೊ ಎಡಿಟಿಂಗಿಗೆ ಅಂದ ಕೂಡಲೇ ಒಂದು ದೊಡ್ಡದನ್ನು ತಂದು ಮುಂದಿಟ್ಟರು. ಕೀಲಿಗಳ ಅಡಿಯಿಂದ ಕೆಂಪು, ಹಸಿರು ದೀಪ. ಎಡಿಟಿಂಗ್ ಮಾಡುವವರೆಲ್ಲ ಇದನ್ನೇ ಒಯ್ಯುವುದು ಎಂದರು. ಆಟ ಆಡುವ ಹುಡುಗರಿಗೆ ಮಾಡಿದ್ದು ಎಂದು ನನಗೆ ಗೊತ್ತಿತ್ತು. ನಾನು ಏನಾದರೂ ಅನ್ನುವ ಮುಂಚೆ ಪೆದ್ದಮ್ಮ ಅದನ್ನು ಎರಡೂ ಅಂಗೈ ಮೇಲೆ ಎತ್ತಿ ಹಿಡಿದರು. ರೇಷ್ಮೆಯ ಲಡಿಯನ್ನು ಕೈಯಲ್ಲೇ ತೂಗಿ ಹೇಳುವವರು.

"ಎರಡೂವರೆ ಕೇಜಿ ಐತೆ. ವೈರು ಬೇರೆ ಐತಲ್ಲ, ಅದೂ ಸೇರಿದ್ರೆ ಮೂರು. ಇದನ್ನ ಹೊತ್ಕೊಂಡು ಓಣಿ ಓಣಿ ತಿರುಗ್ತೀಯಾ?"

ಮಾಲೀಕರು ಅದನ್ನು ಒಳಗಿಟ್ಟು ಸಣ್ಣವು ನಾಲ್ಕನ್ನು ಸಾಲಾಗಿ ಇಟ್ಟರು. ನಾನು ಪೆನ್‌ಡ್ರೈವ್ ತೆಗೆದೆ. ಅದರಲ್ಲಿ ಆ ಸೀರೆಯ ಎರಡು ಫೋಟೊಗಳಿದ್ದವು: ಒಂದು ಕ್ಯಾಮರಾದಿಂದ ಬಂದ ಹಾಗೆಯೇ ಇದ್ದದ್ದು, ಇನ್ನೊಂದು ನಾನು ಸರಿಪಡಿಸಿ ಗಿರಾಕಿಗೆ ಕಳಿಸಿದ್ದು. ಪೆನ್‌ಡ್ರೈವ್ ಹಾಕಲು ಅವರು ಒಪ್ಪಲಿಲ್ಲ, ವೈರಸ್ ಬರುತ್ತದೆ ಎಂದರು. ಹಾಗಾದರೆ ಬೇಡ ಎಂದು ಎದ್ದೆ. ಆಗ ಒಪ್ಪಿದರು. ಆದರೆ ಪೆದ್ದಮ್ಮ ಚೀಲದಿಂದ ರೇಷ್ಮೆ ಸೀರೆ ತೆಗೆದು ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಹರವಿದ್ದನ್ನು ನೋಡಿ ಅವರ ಮುಖವೇ ಬದಲಾಯಿತು. ತಪಾಸಣೆಗೆ ಬಂದವರು ಅಂದುಕೊಂಡರೇನೋ, ಸ್ವಲ್ಪ ದೂರ ನಿಂತು, ದನಿ ತಗ್ಗಿಸಿ, ನಾವು ಯಾವ ಇಲಾಖೆಯವರು ಎಂದು ಕೇಳಿದರು. ಯಾವ ಇಲಾಖೆಯೂ ಇಲ್ಲ, ಮೊಳಕಾಲ್ಮೂರಿನವರು ಎಂದೆ. ಅದನ್ನೂ ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸೀರೆಯ ಬಣ್ಣವೇ ಸತ್ತು ಹೋಗುತ್ತದೆ ಎಂದು ಪೆದ್ದಮ್ಮ ಮೇಜನ್ನು ಬಾಗಿಲ ಹತ್ತಿರಕ್ಕೆ ಎಳೆಸಿದರು. ಹಗಲು ಬೆಳಕು ಬಿದ್ದ ಮೇಲೆ ಸೀರೆ ತನ್ನ ನಿಜವಾದ ಬಣ್ಣಕ್ಕೆ ಬಂತು, ಆಗ ತಾನೆ ಉದುರಿದ ನೇರಳೆ ಹಣ್ಣಿನ ಬಣ್ಣ.

ನಾನು ಕಳಿಸಿದ ಫೋಟೊವನ್ನು ಒಂದೊಂದರಲ್ಲೂ ತೆರೆದೆ. ಮೊದಲನೆಯದರಲ್ಲಿ ಅದು ಬೀಟ್‌ರೂಟ್ ಬಣ್ಣಕ್ಕಿತ್ತು. ಎರಡನೆಯದರಲ್ಲೂ ಬೀಟ್‌ರೂಟ್. ಮೂರನೆಯದರಲ್ಲೂ ಅಷ್ಟೇ. ನನಗೆ ಸಿಟ್ಟು ಬಂತು, ಈ ಅಂಗಡಿಯಲ್ಲಿ ಇರುವ ಪರದೆಗಳೆಲ್ಲ ಕೆಟ್ಟವು ಅಂದುಕೊಂಡೆ. ನಾಲ್ಕನೆಯದು ಎಲ್ಲಕ್ಕಿಂತ ಅಗ್ಗದ್ದು. ಅದರಲ್ಲಿ ಫೋಟೊ ಸರಿಯಾಗಿ ಸೀರೆಯಂತೆಯೇ ಕಂಡಿತು. ಎದೆ ಹಗುರವಾಯಿತು. ನೋಡಿ, ನಾನು ಮಾಡಿದ್ದು ಸರಿಯೇ ಇದೆ ಎಂದು ಪೆದ್ದಮ್ಮನನ್ನು ಕರೆದೆ.

ಅವರು ನನ್ನ ಪಕ್ಕ, ಸ್ವಲ್ಪ ಹಿಂದೆ ನಿಂತಿದ್ದರು. ಅಲ್ಲಿಂದಲೇ ನೋಡಿ, "ಇದು ನೀಲಿ" ಎಂದರು. ನೀಲಿಯಲ್ಲ, ಸರಿಯಾಗಿ ನೋಡಿ ಎಂದೆ. ನೀನೇ ಇಲ್ಲಿ ಬಂದು ನೋಡು ಎಂದು ನನ್ನ ತೋಳು ಹಿಡಿದು ಎಬ್ಬಿಸಿ ತಾವು ನಿಂತಲ್ಲಿ ನಿಲ್ಲಿಸಿದರು. ಅಲ್ಲಿಂದ ಅದು ನಿಜಕ್ಕೂ ನೀಲಿಯಾಗಿತ್ತು. ಕೂತರೆ ಒಂದು ಬಣ್ಣ, ನಿಂತರೆ ಇನ್ನೊಂದು. ಪರದೆಯ ಬಿಳಿ ಜಾಗಗಳೂ ನೀಲಿಗೆ ತಿರುಗಿದ್ದವು.

ನಾನು ಮತ್ತೆ ಮೊದಲನೆಯದರ ಮುಂದೆ ಕೂತೆ. ಕ್ಯಾಮರಾದಿಂದ ಬಂದ, ಕೈ ಹಚ್ಚದ ಫೋಟೊ ತೆರೆದೆ. ಎರಡು ಮತ್ತು ಮೂರನೆಯದರಲ್ಲೂ ತೆರೆದೆ. ಮೂರರಲ್ಲೂ ಅದು ಸೀರೆಗೆ ಹತ್ತಿರವೇ ಇತ್ತು, ತುಸು ನೀಲಿ ಹೆಚ್ಚು ಅಷ್ಟೆ. ಆಗ ನನಗೆ ಗೊತ್ತಾಯಿತು. ಸ್ಟುಡಿಯೊದ ಹಳೆಯ ಪರದೆ ಈ ಅಗ್ಗದ ಪರದೆಯಂತೆಯೇ ನೀಲಿಗೆ ತಿರುಗಿ ಎಷ್ಟು ದಿನವಾಗಿತ್ತೋ ಏನೋ. ದಿನಾ ಅದನ್ನೇ ನೋಡುವ ನನ್ನ ಕಣ್ಣಿಗೆ ಅದೇ ಸರಿ ಅನಿಸಿತ್ತು. ಅದರ ಮೇಲೆ ಸೀರೆ ಸರಿಯಾಗಿ ಕಾಣಲೆಂದು ನಾನು ಕೆಂಪು ಸೇರಿಸುತ್ತ ಬಂದಿದ್ದೆ. ಮೆಟ್ಟಿಲ ಮೇಲೆ ನಿಂತು ಪೆದ್ದಮ್ಮ ಹೇಳಿದ್ದು ನಿಜ. ಸೀರೆಗೆ ಇಲ್ಲದ ಬಣ್ಣ ನನ್ನ ಕಂಪ್ಯೂಟರಿನಿಂದಲೇ ಹೋಗಿತ್ತು.

ಅದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟೇ ಅಲ್ಲ, ಒಂದು ಗಳಿಗೆ ಆ ಅಗ್ಗದ್ದನ್ನೇ ತೆಗೆದುಕೊಂಡುಬಿಡೋಣ ಎಂದೂ ಅನಿಸಿತು. ಅದನ್ನು ಮಗ್ಗದ ಮುಂದೆ ಇಟ್ಟು, ಅವರನ್ನು ಸರಿಯಾಗಿ ಎದುರಿಗೆ ಕೂರಿಸಿದರೆ, ನನ್ನದು ತಪ್ಪಿಲ್ಲ ಎಂದು ತೋರಿಸಬಹುದಿತ್ತು. ಈ ಯೋಚನೆ ಬಂದದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರು ಒಳ್ಳೆಯ ಪರದೆಗಳಲ್ಲಿ ಎರಡನೆಯದನ್ನು ಪೆದ್ದಮ್ಮನೇ ಆರಿಸಿದರು. ಎಡಕ್ಕೆ ನಿಂತು, ಬಲಕ್ಕೆ ನಿಂತು, ಸೆರಗನ್ನು ಪರದೆಗೆ ತಾಗಿಸಿ ಹಿಡಿದು ನೋಡಿ, ಇದೊಂದೇ ತಮ್ಮ ಸೀರೆಯನ್ನು ಕಂಡಂತೆ ಹೇಳುತ್ತಿದೆ ಎಂದರು. ತೂಕವೂ ಒಂದೂವರೆ ಕೇಜಿಯ ಒಳಗಿತ್ತು. ಮಾಲೀಕರು ಒಳಗಿನಿಂದ ಅದರ ಪೆಟ್ಟಿಗೆ ತಂದರು. ಪೆಟ್ಟಿಗೆಯ ಸೀಲು ಒಡೆದಿತ್ತು.

ತೋರಿಸಲಿಕ್ಕೆ ಇಟ್ಟ ಪೀಸಲ್ಲವೇ ಮೇಡಂ, ತೆಗೆಯಲೇಬೇಕಲ್ಲ ಎಂದರು. ಇರಬಹುದು. ಆದರೂ ನಾನು ಲ್ಯಾಪ್‌ಟಾಪನ್ನು ಮಗುಚಿ, ಅಡಿಯಲ್ಲಿದ್ದ ನಂಬರನ್ನು ನನ್ನ ಮೊಬೈಲಿನಲ್ಲಿ ಕಂಪನಿಯ ಪುಟಕ್ಕೆ ಹಾಕಿ ನೋಡಿದೆ. ವಾರಂಟಿ ನಾಲ್ಕು ತಿಂಗಳ ಹಿಂದೆಯೇ ಶುರುವಾಗಿತ್ತು. ಅಂದರೆ ಆಗಲೇ ಯಾರಿಗೋ ಮಾರಿ ಆಗಿತ್ತು. ಮೊಬೈಲನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿ ಹೇಳಿದರು:

"ಒಬ್ರು ಮೇಷ್ಟ್ರು ಮಗನಿಗೆ ಅಂತ ಒಯ್ದಿದ್ರು ಮೇಡಂ. ಅವನಿಗೆ ಆ ದೀಪದ್ದೇ ಬೇಕು ಅಂತ ವಾರಕ್ಕೇ ವಾಪಸ್ ತಂದ್ರು. ಮುಟ್ಟಿದ್ದೂ ಇಲ್ಲ. ಅದ್ಕೇ ಹೇಳ್ಲಿಲ್ಲ."

ಹೇಳದೆ ಇದ್ದದ್ದಕ್ಕೆ ಇದು ಕಾರಣವಾಗುವುದಿಲ್ಲ ಎಂದೆ. ಬೆಲೆ ಇಳಿಸುತ್ತೇನೆ ಎಂದರು. ಅದಕ್ಕೂ ಒಪ್ಪಲಿಲ್ಲ. ಸೀಲು ಒಡೆಯದ ಹೊಸದನ್ನು ತರಿಸಿ ಎಂದು ಹೇಳಿ ಎದ್ದೆವು. ಬರುವಾಗ ಪೆದ್ದಮ್ಮ ಬಸ್ ಸ್ಟ್ಯಾಂಡಿನಲ್ಲಿ ನನಗೊಂದು ಟೀ ಕೊಡಿಸಿದರು. ನಾನು ಮೋಸ ಹಿಡಿದದ್ದು ಅವರಿಗೆ ಮೆಚ್ಚುಗೆಯಾಗಿತ್ತು. ಆ ಟೀ ಕುಡಿಯುವುದು ನನಗೆ ಕಷ್ಟವಾಯಿತು.

ನಾಲ್ಕು ದಿನ ಕಳೆದು ಹೊಸದು ಬಂದಿದೆ ಎಂದು ಫೋನ್ ಬಂತು. ಮತ್ತೆ ಇಬ್ಬರೂ ಹೋದೆವು. ಈ ಸಲ ನಾನೇ ಕರೆದೆ, ನಾನು ಕೇಳುವ ಮುಂಚೆಯೇ ಅವರು ಸೀರೆ ಚೀಲಕ್ಕೆ ಹಾಕಿಕೊಂಡರು. ಸೀಲು ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಮಾಲೀಕರು ಮುಖ ಗಂಟಿಕ್ಕಿಕೊಂಡೇ ಬಿಚ್ಚಿದರು. ನಂಬರ್ ಹಾಕಿ ನೋಡಿದೆ. ಹೊಸದೇ. ಹೆಸರು ಅದೇ, ಬಣ್ಣ ಅದೇ, ತೂಕವೂ ಅದೇ. ಕೈ ಹಚ್ಚದ ಫೋಟೊ ತೆರೆದೆ. ನನಗೆ ಸರಿಯಾಗಿಯೇ ಕಂಡಿತು. ಮಾಲೀಕರು ಬಿಲ್ಲು ಬರೆಯಲು ಪೆನ್ನು ತೆಗೆದರು.

ಪೆದ್ದಮ್ಮ ಸೆರಗನ್ನು ಪರದೆಗೆ ತಾಗಿಸಿ ಹಿಡಿದವರು ಹಾಗೇ ನಿಂತಿದ್ದರು.

"ಇದು ಅವತ್ತು ನೋಡಿದ್ದಲ್ಲ," ಎಂದರು.

ಅದೇ ಕಣಮ್ಮ, ಪೆಟ್ಟಿಗೆ ಮೇಲೆ ಅದೇ ಹೆಸರು ಇದೆ ನೋಡಿ ಎಂದು ಮಾಲೀಕರು ತೋರಿಸಿದರು. ಹೆಸರು ಓದಲು ತಮಗೆ ಬರುವುದಿಲ್ಲ, ಆದರೆ ಅದರಲ್ಲಿದ್ದ ಕೆಂಪು ಇದರಲ್ಲಿ ಇಲ್ಲ ಎಂದರು ಪೆದ್ದಮ್ಮ. ಹಳೆಯದನ್ನು ತಂದು ಪಕ್ಕದಲ್ಲಿ ಇಡಿ ಎಂದು ನಾನು ಕೇಳಿದೆ. ಇಟ್ಟರು. ಹೊಸದರಲ್ಲಿ ನೇರಳೆ ಬೂದಿ ಹಚ್ಚಿದಂತೆ ಮಂಕಾಗಿತ್ತು. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪು, ಪರದೆ ಬೇರೆ ಬೇರೆ. ಮಾಲೀಕರು ಕಂಪನಿಯ ಏಜೆಂಟರಿಗೆ ಫೋನ್ ಹಚ್ಚಿದರು. ಒಂದೇ ಮಾಡಲಿನಲ್ಲಿ ಎರಡು ತರಹದ ಪರದೆ ಬರುವುದುಂಟು, ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅದರ ಗುರುತು ಇರುತ್ತದೆ ಎಂದು ಆ ಕಡೆಯಿಂದ ಉತ್ತರ ಬಂತಂತೆ. ತಮಗೂ ಇದು ಗೊತ್ತಿರಲಿಲ್ಲ ಎಂದರು. ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಆದರೆ ಆವತ್ತು ಅವರು ಎರಡೂ ಪರದೆಗಳನ್ನು ಬಗ್ಗಿ ಬಗ್ಗಿ ನೋಡಿದ ರೀತಿಯಲ್ಲಿ ಹಳೆಯ ಟಿವಿ ರಿಪೇರಿಯವನ ಕುತೂಹಲ ಇತ್ತು.

ಕೊನೆಗೆ ನಾನು ಒಯ್ದದ್ದು ಸೀಲು ಒಡೆದದ್ದನ್ನೇ. ಹಾಗೆಂದು ಸುಮ್ಮನೆ ಒಯ್ಯಲಿಲ್ಲ. ಯಾರಾದರೂ ಬಿಚ್ಚಿದ್ದಾರೋ ಎಂದು ಅಡಿಯ ಸ್ಕ್ರೂಗಳ ಮೇಲೆ ಗೀರು ಹುಡುಕಿದೆ, ಇರಲಿಲ್ಲ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂದು ನೋಡಿದೆ, ಕೆಲವೇ ಸಲ ಆಗಿತ್ತು. ವಾರ ಇಟ್ಟುಕೊಂಡು ವಾಪಸ್ ತಂದರು ಎಂಬ ಮಾತಿಗೆ ಅದು ಹೊಂದುತ್ತಿತ್ತು. ಕಳೆದುಹೋದ ನಾಲ್ಕು ತಿಂಗಳ ವಾರಂಟಿಗೆ ಅಂಗಡಿಯೇ ಹೊಣೆ ಎಂದು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡೆ. ಅಂಗಡಿಯ ಸೀಲನ್ನೂ ಒತ್ತಿಸಬೇಕು ಎಂದು ಪೆದ್ದಮ್ಮ ಹಟ ಹಿಡಿದರು. ಒತ್ತಿಸಿದೆವು.

ವಾಪಸ್ ಬರುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಚೀಲ ನನ್ನ ಮಡಿಲಲ್ಲಿ, ಸೀರೆ ಚೀಲ ಅವರ ಮಡಿಲಲ್ಲಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ವಾಸನೆ ಹಿಂದಾಗುವವರೆಗೂ ನಾನು ತಡೆದುಕೊಂಡಿದ್ದೆ. ಆಮೇಲೆ ಹೇಳಿಬಿಟ್ಟೆ.

"ಪೆದ್ದಮ್ಮ, ತಪ್ಪು ನಂದೇ ಕಣ್ರಿ. ನಮ್ಮ ಸ್ಟುಡಿಯೊ ಪರದೆ ಕೆಟ್ಟೈತೆ. ನಾನೇ ನಿಮ್ಮ ಸೀರೆಗೆ ಕೆಂಪು ಹಾಕ್ತಿದ್ದೆ. ನನಗೆ ಗೊತ್ತಾಗ್ಲಿಲ್ಲ. ಅವತ್ತೇ ಅಂಗಡೀಲಿ ಗೊತ್ತಾಯ್ತು, ಹೇಳಾಕೆ ಧೈರ್ಯ ಬರ್ಲಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಳಕು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಮತ್ತೆ ಹೊರಟಿತು. ಅಲ್ಲಿಂದ ಒಂದಷ್ಟು ದೂರ ಬಂದ ಮೇಲೆ ಪೆದ್ದಮ್ಮ ಸೀರೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಾತಾಡಿದರು.

"ಎರಡನೇ ಸಲ ಕಳ್ಸಿದ್ದು ನೀನು ಫೋಟೊ ತೆಗೆದಿದ್ದಲ್ಲ. ನೀನು ತೆಗೆದಿದ್ನ ಸಾಹುಕಾರ ಬಂದು ಎತ್ಕೊಂಡ್ಹೋದ. ಅವನಿಗೆ ಇಲ್ಲ ಅನ್ನಾಕೆ ಆಗಲ್ಲವ್ವ, ನೂಲು ಕೊಡೋನು ಅವನೇ. ಅದೇ ಬಣ್ಣದ್ದು ಇನ್ನೊಂದಿತ್ತು. ಅದನ್ನ ಕಳ್ಸಿದೆ. ಬಣ್ಣ ಅದ್ದಿದ ದಿನ ಬೇರೆ, ಸ್ವಲ್ಪ ಹೆಚ್ಚುಕಮ್ಮಿ ಇತ್ತು. ಯಾರಿಗೆ ತಿಳೀತೈತೆ ಅಂದ್ಕಂಡೆ."

ನನಗೆ ಅಂಚಿನ ಜರಿ ನೋಡಿಯೇ ಅನುಮಾನ ಬಂದಿತ್ತು ಎಂದೆ. ಬಂದಿರ್ತೈತೆ ಬಿಡು, ನಿನ್ನ ಕಣ್ಣು ನನಗೆ ಗೊತ್ತಿಲ್ಲವೇ ಎಂದರು. ಆಮೇಲೆ ತೆಲುಗಿನಲ್ಲಿ ತಮಗೆ ತಾವೇ ಏನೋ ಹೇಳಿಕೊಂಡರು. ನನಗೆ ಅರ್ಥವಾದದ್ದು ಇಷ್ಟು: ಇಬ್ಬರೂ ಸೇರಿ ಪಾಪ ಆ ದಾವಣಗೆರೆಯವಳನ್ನು ಸುಳ್ಳುಗಾತಿ ಮಾಡಿದೆವಲ್ಲ. ನಿಜವೇ. ಓಣಿಯಲ್ಲಿ ನಾವಿಬ್ಬರೂ ಆ ಗಿರಾಕಿಯ ಬಗ್ಗೆ ಆಡಿದ್ದು ಕಡಿಮೆಯೇನಿರಲಿಲ್ಲ. ಉಟ್ಟು ತೆಗೆದು ವಾಪಸ್ ಕಳಿಸುವ ಪೈಕಿ ಎಂದು ನಾನೇ ಹೇಳಿದ್ದೆ.

ಮನೆಗೆ ಬಂದ ಮೇಲೆ ಆ ಗಿರಾಕಿಗೆ ತಪ್ಪು ನಮ್ಮದೇ ಎಂದು ಉದ್ದಕ್ಕೆ ಬರೆದು ಕಳಿಸಿದೆ. ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಅವರು ಮತ್ತೆ ನಮ್ಮಲ್ಲಿ ಸೀರೆ ಕೇಳಲಿಲ್ಲ.

ಮಾರನೆಯ ದಿನ ಲ್ಯಾಪ್‌ಟಾಪನ್ನು ಭುಜಕ್ಕೆ ಹಾಕಿಕೊಂಡು ಪೆದ್ದಮ್ಮನ ಮನೆಗೆ ಹೋದೆ. ಮಗ್ಗದ ಪಕ್ಕದ ಕಿಟಕಿಯ ಕೆಳಗೆ ಮಣೆ ಹಾಕಿ ಕೂರಿಸಿದರು. ಆ ನೇರಳೆ ಸೀರೆಯ ಫೋಟೊ ಹೊಸದಾಗಿ ತೆಗೆದು ಅಲ್ಲಿಯೇ ತೆರೆದೆ. ಕೆಂಪು ಎಷ್ಟು ಬೇಕು, ನೀಲಿ ಎಷ್ಟು ಇಳಿಸಬೇಕು ಎಂದು ಅವರೇ ಹೇಳುತ್ತ ಹೋದರು. ಸಾಕು ಎನ್ನುವ ತನಕ ನನಗೆ ಬಿಡುಗಡೆ ಇರಲಿಲ್ಲ. ಮೊದಲು ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಫೋಟೊ ನೋಡಿ ಸೀರೆಯನ್ನು ಹಾವೇರಿಯ ಒಬ್ಬರು ತರಿಸಿಕೊಂಡರು. ಅದು ವಾಪಸ್ ಬರಲಿಲ್ಲ.

ಈಗ ಓಣಿಯ ಬೇರೆ ಮನೆಯವರೂ ತಮ್ಮ ಮುಂದೆಯೇ ಎಡಿಟ್ ಮಾಡು ಅನ್ನುತ್ತಾರೆ. ಲ್ಯಾಪ್‌ಟಾಪ್ ಕೆಲಸ ಚೆನ್ನಾಗಿಯೇ ಮಾಡುತ್ತಿದೆ, ಆದರೂ ಫ್ಯಾನು ಸ್ವಲ್ಪ ಜೋರಾಗಿ ತಿರುಗಿದರೆ ಆ ಮೇಷ್ಟ್ರ ಮಗ ಒಂದು ವಾರದಲ್ಲಿ ಇದಕ್ಕೆ ಏನು ಮಾಡಿದ್ದನೋ ಎಂದು ಕಿವಿಗೊಟ್ಟು ಕೇಳುತ್ತೇನೆ. ಪೆದ್ದಮ್ಮ ನನ್ನ ಹೆಗಲ ಹಿಂದೆ ನಿಂತು ಪರದೆ ನೋಡುವುದನ್ನು ಬಿಟ್ಟಿಲ್ಲ. ನಾನೂ ಪಾರ್ಸೆಲ್ ಅಂಟಿಸುವ ಮುಂಚೆ ಒಳಗಿನ ಸೀರೆಯ ಸೆರಗು ಬಿಡಿಸಿ, ಫೋಟೊ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ಅಷ್ಟು ಹೊತ್ತೂ ಅವರು ಅಂಟಿನ ಟೇಪು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕಾಯುತ್ತಾರೆ.